ನಡುವಿನ ಅಂಕಿ

ಜನವರಿ ೯

ಅಕ್ಕನಿಗೆ,

ನಿನ್ನೆ ಕಾರ್ಖಾನೆಯ ಗೇಟಿನ ಫೋನಿನಲ್ಲಿ ನೀನು ಆಡಿದ್ದು ಒಟ್ಟು ನಾಲ್ಕು ಮಾತು. ಅದರಲ್ಲಿ ಮೂರು “ಏನೂ ಇಲ್ಲ ಕಣೋ”. ಏನೂ ಇಲ್ಲದವರು ಆರು ತಿಂಗಳಲ್ಲಿ ಹದಿನಾಲ್ಕು ಕಿಲೋ ಇಳಿಯುವುದಿಲ್ಲ. ನನ್ನ ಹಿಂದೆ ಐದು ಜನ ಫೋನಿಗೆ ಕಾಯುತ್ತಿದ್ದರು, ಕಾವಲುಗಾರ ಬೇಕೆಂದೇ ಕೆಮ್ಮುತ್ತಿದ್ದ, ಅದಕ್ಕೇ ಜಗಳ ಆಡದೆ ಇಟ್ಟೆ. ಈಗ ಆಡುತ್ತೇನೆ.

ಕಾರ್ಮಿಕ ಸಂಘದ ವಾಚನಾಲಯಕ್ಕೆ ಹೋಗಿ ಆರೋಗ್ಯದ ಕಪಾಟನ್ನು ಪೂರ್ತಿ ಜಾಲಾಡಿದೆ. ಮೂರು ಕಿರುಹೊತ್ತಗೆ ಸಿಕ್ಕವು. ಹೊಟ್ಟೆಯ ಹಿಂದೆ, ಬೆನ್ನಿಗೆ ಅಂಟಿಕೊಂಡಂತೆ ಇರುವ ಮೇದೋಜೀರಕ ಗ್ರಂಥಿ ಅನ್ನವನ್ನು ಅರಗಿಸಲು ರಸ ಕೊಡಬೇಕು. ನಿನ್ನ ಕಾಯಿಲೆಯಲ್ಲಿ ಆ ರಸ ಗ್ರಂಥಿಯನ್ನೇ ಅರಗಿಸುತ್ತದೆ. ವರ್ಷಗಟ್ಟಲೆ ನಡೆಯುತ್ತದೆ. ಬಹಳ ಜನಕ್ಕೆ ನೋವಿನ ಜೊತೆ ನಿದ್ದೆಯೂ ಹೋಗುತ್ತದೆ. ನಿದ್ದೆ ಹೋದರೆ ನೋವು ಇನ್ನೂ ಜಾಸ್ತಿ ಅನಿಸುತ್ತದೆ, ಹಾಗೆ ಅನಿಸಿದರೆ ನಿದ್ದೆ ಇನ್ನೂ ದೂರ. ಇದನ್ನು ಎಲ್ಲಾದರೂ ಒಂದು ಕಡೆ ಮುರಿಯಲೇಬೇಕು. ನಾನು ನಿದ್ದೆಯ ಕಡೆಯಿಂದ ಮುರಿಯಬೇಕು ಎನ್ನುತ್ತೇನೆ. ದುಡಿಯುವವರಿಗೆ ಕೂಲಿ ಹೇಗೋ ನಿದ್ದೆಯೂ ಹಾಗೆ, ಬೇಡಿ ಪಡೆಯುವುದಲ್ಲ, ಪಟ್ಟು ಹಿಡಿದು ಪಡೆಯುವುದು.

ಇನ್ನು ಮೇಲೆ ಫೋನು ಬೇಡ. ಫೋನಿನಲ್ಲಿ ನೀನು ಸುಳ್ಳು ಹೇಳುತ್ತೀಯ. ಕಾಗದದಲ್ಲಿ ಅಂಕಿ ಬರೆ: ಎಷ್ಟು ಗಂಟೆ ನಿದ್ದೆ, ಎಷ್ಟು ಸಲ ಎಚ್ಚರ, ಹತ್ತಕ್ಕೆ ಎಷ್ಟು ನೋವು. ಅಳು ಬೇಡ, ಸಮಾಧಾನವೂ ಬೇಡ. ಅಂಕಿ ಸಾಕು.

ಇನ್ನೊಂದು ವಿಷಯ. ನವೆಂಬರಿನಲ್ಲಿ ನಮ್ಮ ಗಾಜಿನ ಕಾರ್ಖಾನೆಯ ಮೂರನೇ ಕುಲುಮೆಯ ಗೋಡೆ ಒಡೆದು ಮೇಸ್ತ್ರಿ ಸತ್ತರಲ್ಲ, ಅದರ ವಿಚಾರಣೆ ಶುರುವಾಗುತ್ತಿದೆ. ಕುಲುಮೆಯ ರಿಜಿಸ್ಟರಿನಲ್ಲಿ ಗಂಟೆಗಂಟೆಗೂ ಶಾಖ ಸರಿಯಾಗಿತ್ತು ಎಂದು ಬರೆದಿದೆ. ಆದ್ದರಿಂದ ತಪ್ಪು ಮೇಸ್ತ್ರಿಯದೇ ಅಂತೆ. ಆ ಅಂಕಿಗಳನ್ನು ಯಾರೂ ನೋಡಿ ಬರೆದದ್ದಲ್ಲ ಎಂದು ನನಗೆ ಗೊತ್ತು, ಸಾಬೀತು ಮಾಡಬೇಕು. ನೀನು ಹನ್ನೊಂದು ವರ್ಷದಿಂದ ಪಂಪ್‌ಹೌಸಿನಲ್ಲಿ ಗಂಟೆಗೊಮ್ಮೆ ನೀರಿನ ಮಟ್ಟ ಬರೆಯುತ್ತಿರುವವಳು. ನೋಡದೆ ಬರೆಯುವುದು ಹೇಗೆ ಎಂದು ತಿಳಿಸು.

ನಿನ್ನ ತಮ್ಮ

*

ಜನವರಿ ೨೧

ಭಾಷಣಕಾರ ತಮ್ಮನಿಗೆ,

ನಿನ್ನ ಕಾಗದ ಊಟದ ಹೊತ್ತಿಗೆ ಬಂತು. ಒಳ್ಳೆಯದೇ ಆಯಿತು, ಊಟ ಮುಂದೂಡಲು ಕಾರಣ ಸಿಕ್ಕಿತು. ಈಗ ತಟ್ಟೆ ಕಂಡರೆ ನನಗೆ ಪರೀಕ್ಷೆಯ ಕೋಣೆ ಕಂಡ ಹಾಗೆ. ತಿಂದ ಅರ್ಧ ಗಂಟೆಗೆ ಫಲಿತಾಂಶ. ಪ್ರತಿ ಊಟದ ಜೊತೆ ಎರಡು ದೊಡ್ಡ ಕ್ಯಾಪ್ಸೂಲು. ಅವನ್ನು ನುಂಗುವಷ್ಟರಲ್ಲೇ ಹೊಟ್ಟೆ ತುಂಬಿರುತ್ತದೆ.

ಡಾಕ್ಟರಮ್ಮ ಮೊದಲ ದಿನ ಕೇಳಿದ್ದು, “ಕುಡೀತೀರಾ?” ಇಲ್ಲ ಅಂದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದರು. ಮೂರನೇ ಸಲ ಕೇಳಿದಾಗ, “ನಾನು ಪಂಪ್‌ಹೌಸಿನವಳು ಮೇಡಂ, ಊರಿಗೆಲ್ಲ ಕುಡಿಸೋದು ನನ್ನ ಕೆಲಸ” ಅಂದೆ. ನಕ್ಕುಬಿಟ್ಟರು. ಕೆಲವರಿಗೆ ಇಂಥದ್ದೇ ಅಂತ ಕಾರಣವಿಲ್ಲದೆಯೂ ಬರುತ್ತದಂತೆ. ಒಳ್ಳೆಯ ಹೆಂಗಸು. ಅವರೂ ಒಂದು ಪುಸ್ತಕ ಕೊಟ್ಟು ನೀನು ಕೇಳಿದ ಅಂಕಿಗಳನ್ನೇ ಕೇಳಿದ್ದಾರೆ. ನೀನು ಡಾಕ್ಟರ್ ಆಗಬೇಕಿತ್ತು, ರೋಗಿಗಳು ಹೆದರಿಯೇ ವಾಸಿಯಾಗುತ್ತಿದ್ದರು.

ನೋವು ಹೊಟ್ಟೆಯಲ್ಲಿ ಹುಟ್ಟಿ ಬೆನ್ನಿಗೆ ಹೋಗುತ್ತದೆ. ಮಲಗಿದರೆ ಯಾರೋ ಬೆನ್ನಿನಿಂದ ಮೊಳೆ ಹೊಡೆದು ಹಾಸಿಗೆಗೆ ಜಡಿದ ಹಾಗೆ. ಮುಂದಕ್ಕೆ ಬಾಗಿ ಕೂತರೆ ತುಸು ಸಡಿಲ. ಅದಕ್ಕೆ ಕುರ್ಚಿಯನ್ನು ಹಿಂದುಮುಂದು ತಿರುಗಿಸಿ, ಅದರ ಬೆನ್ನಿನ ಮೇಲೆ ಅಮ್ಮನ ರಜಾಯಿ ಮಡಚಿಟ್ಟು, ತಬ್ಬಿಕೊಂಡು ಕೂರುತ್ತೇನೆ. ನೋಡಿದವರು ಕುದುರೆ ಸವಾರಿ ಅಂದುಕೊಳ್ಳಬೇಕು. ಕಳೆದ ವಾರದ ನಿದ್ದೆ, ಸೋಮವಾರದಿಂದ: ಎರಡು ಗಂಟೆ, ಒಂದು, ನಾಲ್ಕು, ಅರ್ಧ, ಮೂರು, ಒಂದು, ಒಂದು. ನೋವು ಆರರಿಂದ ಒಂಬತ್ತು.

ನೀನು ಕೇಳಿದ್ದು. ನಮ್ಮಲ್ಲಿ ಒಂದು ಗಂಟೆಯ ಮಟ್ಟ ನೋಡುವುದು ತಪ್ಪಿತು ಅಂತಿಟ್ಟುಕೋ. ಪಂಪಿನ ವಾಲ್ವು ಸೋರುತ್ತಿತ್ತು, ಇಲ್ಲವೇ ಕಣ್ಣು ಅಂಟಿತು. ಆಗ ಅದರ ಹಿಂದಿನ ಗಂಟೆಯ ಅಂಕಿ, ಮುಂದಿನ ಗಂಟೆಯ ಅಂಕಿ ನೋಡಿ ಎರಡರ ಮಧ್ಯದ್ದನ್ನು ಬರೆಯುತ್ತಾರೆ. ಅದಕ್ಕೆ ನಡುವಿನ ಅಂಕಿ ಅನ್ನುತ್ತೇವೆ. ನನಗೆ ಕಲಿಸಿದವರು ಮೀಸೆ, ನನ್ನ ಪಾಳಿಯ ಹಿರಿಯರು, ಮೀಸೆ ಬಿಟ್ಟರೆ ಅವರಲ್ಲಿ ಕಾಣುವುದು ಏನೂ ಇಲ್ಲ. “ಖಾಲಿ ಬಿಟ್ರೆ ಕೇಳ್ತಾರೆ, ತುಂಬಿದ್ರೆ ಯಾರೂ ಕೇಳಲ್ಲ” ಅಂತ ಹೇಳಿಕೊಟ್ಟರು. ನೀರು ಸಾಮಾನ್ಯವಾಗಿ ನಡುವೆಯೇ ಇರುತ್ತದೆ, ಹಾಗಾಗಿ ಮೋಸ ಅನಿಸುವುದಿಲ್ಲ. ನನ್ನ ಹೆಸರು ಅಚ್ಚು ಹಾಕಿಸಬೇಡ ಮಾರಾಯ.

ಅಕ್ಕ

*

ಫೆಬ್ರವರಿ ೪

ಅಕ್ಕನಿಗೆ,

ನಡುವಿನ ಅಂಕಿ! ಇದೇ ನನಗೆ ಬೇಕಾಗಿದ್ದದ್ದು. ಹೆಸರು ಹಾಕುವುದಿಲ್ಲ. ಆದರೆ ಮೋಸ ಅನಿಸುವುದಿಲ್ಲ ಅನ್ನಬೇಡ. ಮೇಸ್ತ್ರಿಯನ್ನು ಕೊಂದದ್ದು ಅದೇ. ನಾಲ್ಕು ವಾರ ಕುಲುಮೆಯ ಗೋಡೆ ಕೂಗಿ ಹೇಳುತ್ತಿತ್ತು, ರಿಜಿಸ್ಟರು ಅದರ ಬಾಯಿ ಮುಚ್ಚಿತ್ತು.

ಈಗ ನಿನ್ನ ವಾರ. ಅರ್ಧ ಗಂಟೆ ನಿದ್ದೆ! ಓದಿ ವಾಚನಾಲಯದ ಮೇಜು ಗುದ್ದಿದೆ, ಗ್ರಂಥಪಾಲಕರು ಹೊರಗೆ ಕಳಿಸಿದರು. ನಿದ್ದೆಯ ಶಿಸ್ತಿನ ಬಗ್ಗೆ ಒಂದು ಒಳ್ಳೆಯ ಹೊತ್ತಗೆ ಇದೆ, ನಿಯಮಗಳನ್ನು ನಕಲು ಮಾಡಿ ಇದರೊಳಗೆ ಇಟ್ಟಿದ್ದೇನೆ. ಹಾಸಿಗೆಯಲ್ಲಿ ನೆಟ್ಟಗೆ ಮಲಗುವುದು. ಹಗಲು ತೂಕಡಿಸದಿರುವುದು. ಸಂಜೆ ಆರರ ನಂತರ ಚಹಾ ಇಲ್ಲ. ದಿನಾ ಒಂದೇ ಹೊತ್ತಿಗೆ ಏಳುವುದು. ಕುರ್ಚಿ ಮಲಗುವ ಜಾಗವಲ್ಲ. ಆ ರಜಾಯಿಯನ್ನು ಕಪಾಟಿಗೆ ಹಾಕು. ನೀನು ನೋವಿಗೆ ಮಣೆ ಹಾಕಿ ಕೂರಿಸಿದ್ದೀಯ, ಅದು ಯಾಕೆ ಏಳುತ್ತದೆ?

ಮೇಸ್ತ್ರಿಯ ಹೆಂಡತಿ ದಿನಾ ಸಂಜೆ ನಾನು ಪಾಠ ಮಾಡುವ ರಾತ್ರಿಶಾಲೆಯ ಬಾಗಿಲಲ್ಲಿ ನಿಂತಿರುತ್ತಾಳೆ. ಏನೂ ಕೇಳುವುದಿಲ್ಲ. ರಿಜಿಸ್ಟರುಗಳ ನಕಲು ಓದಬಲ್ಲವನು ನಾನೊಬ್ಬನೇ. ಆದರೂ ಕೇಳು: ಎರಡು ತಿಂಗಳಲ್ಲಿ ನಿನ್ನ ಅಂಕಿ ಸುಧಾರಿಸದಿದ್ದರೆ ಇದೆಲ್ಲ ಬಿಟ್ಟು ನಿನ್ನ ಬಾಗಿಲಿಗೆ ಬಂದು ಕೂರುತ್ತೇನೆ. ಅಮ್ಮ ಹೋದ ಮೇಲೆ ನನ್ನ ಶಾಲೆಗೋಸ್ಕರ ನೀನು ನಿನ್ನ ಶಾಲೆ ಬಿಟ್ಟವಳು. ನನಗೆ ಮರೆತಿಲ್ಲ.

ನಿನ್ನ ತಮ್ಮ

*

ಮಾರ್ಚ್ ೨

ತಮ್ಮನಿಗೆ,

ತಡವಾಯಿತು, ಕೋಪ ಬೇಡ. ನಿನ್ನ ನಿಯಮಗಳ ಕಾಗದವನ್ನು ಗೋಡೆಗೆ ಅಂಟಿಸಿದ್ದೇನೆ. ರಜಾಯಿ ಕಪಾಟಿನಲ್ಲಿದೆ. ವಾರದ ಸರಾಸರಿ ನಿದ್ದೆ: ಎರಡೂವರೆ, ಮೂರು, ಮೂರೂವರೆ, ನಾಲ್ಕು. ನೋವು ಐದಕ್ಕೆ ಇಳಿದಿದೆ. ನೀನು ಹೇಳಿದ್ದು ಸರಿ ಅನಿಸುತ್ತದೆ.

ಇಲ್ಲಿ ವಿಶೇಷ ಏನಿಲ್ಲ. ಹಾಲಿನ ವ್ಯಾನು ಮೊದಲು ನಾಲ್ಕೂವರೆಗೆ ಬರುತ್ತಿತ್ತು, ಈಗ ನಾಲ್ಕೂ ಹತ್ತಕ್ಕೇ ಬರುತ್ತಿದೆ. ಎದುರುಮನೆಯ ಮುದುಕರು ರಾತ್ರಿ ಎರಡು ಗಂಟೆಗೆ ದೀಪ ಹಾಕಿ ಆರಿಸುತ್ತಾರೆ.

ಮೇಸ್ತ್ರಿಯ ಹೆಂಡತಿಗೆ ಕೂರಲು ಒಂದು ಸ್ಟೂಲಾದರೂ ಕೊಡು. ಬಾಗಿಲಲ್ಲಿ ನಿಲ್ಲಿಸಿ ಕ್ರಾಂತಿ ಮಾಡಬೇಡ. ಬರುವ ಯೋಚನೆ ಬಿಡು, ನಿನ್ನ ಕೆಲಸ ಅಲ್ಲಿದೆ.

ಅಕ್ಕ

*

ಮಾರ್ಚ್ ೧೫

ಅಕ್ಕ, ನನ್ನ ಅಕ್ಕ,

ನಾಲ್ಕು ಗಂಟೆ! ಕಾಗದ ಹಿಡಿದುಕೊಂಡು ಹಾಸ್ಟೆಲಿನ ಮೆಟ್ಟಿಲು ಎರಡೆರಡಾಗಿ ಹತ್ತಿದೆ. ನೋಡಿದೆಯಾ, ಗೊಣಗಿ ಗೆದ್ದವರಿಲ್ಲ, ಲೆಕ್ಕ ಇಟ್ಟವರು ಗೆದ್ದಿದ್ದಾರೆ.

ಸ್ಟೂಲು ಕೊಟ್ಟೆ. ಆಕೆ ಈಗ ತರಗತಿಯಲ್ಲೇ ಕೂರುತ್ತಾಳೆ. ಸುಳ್ಳು ರಿಜಿಸ್ಟರನ್ನು ಗುರುತಿಸುವುದು ಹೇಗೆ ಎಂದು ನಿನ್ನೆ ಪಾಠ ಮಾಡಿದೆ. ನಿಜವಾದ ಅಂಕಿ ಒರಟಾಗಿರುತ್ತದೆ, ಎಲ್ಲೋ ಒಂದು ಕಡೆ ಎಗರುತ್ತದೆ, ಬೀಳುತ್ತದೆ. ಸುಳ್ಳು ಅಂಕಿ ನಯ. ಒಂದೇ ಅಳತೆಯ ಹೆಜ್ಜೆ ಇಟ್ಟು ಮೆಟ್ಟಿಲು ಹತ್ತಿದಂತೆ ಹೋಗುತ್ತದೆ. ಆಕೆ ಕೈ ಎತ್ತಿ ಕೇಳಿದಳು, “ಅಷ್ಟು ನಯವಾಗಿದ್ರೆ ಯಾರಿಗೂ ಅನುಮಾನ ಬರಲಿಲ್ವಾ?” ನಾನು ಹೇಳಿದೆ, “ನಯವಾಗಿ ಇರಲಿ ಅಂತ ಬಯಸೋರಿಗೆ ಅನುಮಾನ ಬರಲ್ಲ.” ಚಪ್ಪಾಳೆ ಬಿತ್ತು. ಇದನ್ನು ಕುಲುಮೆಯ ಬಗ್ಗೆ ಬರೆಯುವ ಕರಪತ್ರದ ಮೊದಲ ಸಾಲು ಮಾಡುತ್ತೇನೆ.

ಅಂಕಿ ಕಳಿಸುತ್ತಿರು. ತಪ್ಪಿಸಬೇಡ.

ನಿನ್ನ ತಮ್ಮ

*

ಮೇ ೨೦

ತಮ್ಮನಿಗೆ,

ಏಪ್ರಿಲ್: ನಾಲ್ಕೂವರೆ, ಐದು, ಐದು, ಐದೂವರೆ. ಮೇ: ಆರು, ಆರು, ಆರೂವರೆ. ನೋವು ಮೂರು.

ಡಾಕ್ಟರಮ್ಮ ಆಪರೇಷನ್ ವಿಷಯ ಎತ್ತಿದ್ದಾರೆ. ಗ್ರಂಥಿಯೊಳಗಿನ ನಾಳದಲ್ಲಿ ಕಲ್ಲುಗಳಿವೆ, ಆ ನಾಳವನ್ನು ಸೀಳಿ ಕರುಳಿಗೆ ಜೋಡಿಸಿದರೆ ನೋವು ಇಳಿಯಬಹುದಂತೆ. ಅದನ್ನು ಮಾಡುವ ಸರ್ಜನ್ ಆರು ತಿಂಗಳಿಗೊಮ್ಮೆ ಬರುತ್ತಾರೆ, ನಾಲ್ಕೇ ಜನಕ್ಕೆ ಮಾಡುತ್ತಾರೆ. ಜುಲೈನಲ್ಲಿ ಮೂವರು ಡಾಕ್ಟರು ಒಟ್ಟಿಗೆ ಕೂತು ಎಲ್ಲರ ಪುಸ್ತಕ ನೋಡಿ ಯಾರಿಗೆ ಹೆಚ್ಚು ತುರ್ತು ಅಂತ ಆರಿಸುತ್ತಾರೆ. ನನಗೆ ಸಿಗಬಹುದು ಎಂದು ಡಾಕ್ಟರಮ್ಮ ಹೇಳಿದರು. ಸಿಕ್ಕರೆ ಸಾಕು. ಅದೊಂದು ಆದರೆ ಸಾಕು.

ಈ ಕಾಗದ ಮೂರು ಸಲ ಬಿಟ್ಟು ಬಿಟ್ಟು ಬರೆದೆ, ಅಕ್ಷರ ಓಡಾಡಿದರೆ ಕ್ಷಮಿಸು. ಮೀಸೆ ಸಂಜೆಯ ಕೇರಂ ಆಟಕ್ಕೆ ಕರೆಯುವುದನ್ನು ನಿಲ್ಲಿಸಿದ್ದಾರೆ. ನಾನೇ ಒಂದು ದಿನ ಸುಮ್ಮನೆ ಅವರ ಮೇಲೆ ರೇಗಿದೆ.

ನಿನ್ನ ವಿಚಾರಣೆ ಯಾವಾಗ? ಗೆಲ್ಲಬೇಕು ನೀನು.

ಅಕ್ಕ

*

ಜೂನ್ ೧೧

ಅಕ್ಕನಿಗೆ,

ಸಂತೋಷದ ಸುದ್ದಿ, ನಾನೇ ಮಾಡಿದ್ದು. ನಿನ್ನ ಕಾಗದಗಳನ್ನೆಲ್ಲ ಮುಂದಿಟ್ಟುಕೊಂಡು ಎರಡು ಭಾನುವಾರ ಕೂತು ಒಂದು ನಕ್ಷೆ ಬರೆದೆ. ಕೆಳಗೆ ವಾರಗಳು, ಎಡಕ್ಕೆ ಗಂಟೆಗಳು. ನಿದ್ದೆಯ ಗೆರೆ ನೀಲಿ, ಮೇಲಕ್ಕೆ ಹತ್ತುತ್ತದೆ. ನೋವಿನ ಗೆರೆ ಕೆಂಪು, ಕೆಳಕ್ಕೆ ಇಳಿಯುತ್ತದೆ. ಎಷ್ಟು ಚೆಂದ ಎಂದರೆ ಗೋಡೆಗೆ ಹಾಕಬೇಕು.

ಗೋಡೆಗೆ ಹಾಕಲಿಲ್ಲ, ನಿನ್ನ ಡಾಕ್ಟರಮ್ಮನಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ್ದೇನೆ. ನಿಯಮಗಳ ಪ್ರತಿಯೂ ಜೊತೆಗಿದೆ. ಈ ಕಾಯಿಲೆಯ ಪ್ರತಿಯೊಬ್ಬರಿಗೂ ಈ ಶಿಸ್ತು ಕಲಿಸಬೇಕು ಎಂದು ಬರೆದೆ. ಒಬ್ಬ ಪಂಪ್ ಆಪರೇಟರ್ ಕಂಡುಕೊಂಡದ್ದು ಒಬ್ಬಳ ಮನೆಯಲ್ಲೇ ಯಾಕೆ ಉಳಿಯಬೇಕು? ಕೆಳಗೆ “ಈ ಅಂಕಿಗಳ ಸತ್ಯಕ್ಕೆ ನಾನು ಹೊಣೆ” ಎಂದು ಬರೆದು ಸಹಿ ಹಾಕಿದ್ದೇನೆ. ಆಪರೇಷನ್ನಿಗೆ ಆರಿಸುವಾಗಲೂ ಇದು ನೆರವಿಗೆ ಬರುತ್ತದೆ. ಇಷ್ಟು ಶಿಸ್ತಿನವಳಿಗೆ ಮೊದಲು ಮಾಡೋಣ ಎಂದು ಅವರಿಗೆ ಅನಿಸದೆ ಇರುತ್ತದೆಯೇ?

ವಿಚಾರಣೆ ಜುಲೈ ಕೊನೆಗೆ. ನಾನು ಸಾಕ್ಷಿ ಹೇಳಬೇಕು.

ನಿನ್ನ ತಮ್ಮ

*

ಜೂನ್ ೧೯

ತಮ್ಮನಿಗೆ,

ಕಳಿಸಿಬಿಟ್ಟೆಯಾ. ಸರಿ.

ಒಂದು ಮಾತು ನನ್ನನ್ನು ಕೇಳಬಹುದಿತ್ತು. ಇರಲಿ, ನೀನು ಒಳ್ಳೆಯದಕ್ಕೇ ಮಾಡಿದ್ದೀಯ. ಊಟ ಸರಿಯಾಗಿ ಮಾಡು.

ಅಕ್ಕ

*

ಜುಲೈ ೧೮

ತಮ್ಮನಿಗೆ,

ಡಾಕ್ಟರುಗಳು ಸೇರಿದ್ದರು. ಈ ಸಲ ನನ್ನ ಹೆಸರು ಬರಲಿಲ್ಲ, ಜನವರಿಗೆ ನೋಡೋಣ ಎಂದರು. ಬೇರೆಯವರಿಗೆ ಹೆಚ್ಚು ತುರ್ತು ಇತ್ತು. ಒಬ್ಬ ಹುಡುಗಿ, ಇಪ್ಪತ್ತು ವರ್ಷ ಇರಬೇಕು, ಕಾಯುವ ಬೆಂಚಿನ ಮೇಲೆ ನನ್ನ ಹಾಗೇ ಬಾಗಿ ಕೂತಿದ್ದಳು. ಅವಳಿಗೆ ಸಿಕ್ಕಿತು.

ನೀನು ಇದರ ಬಗ್ಗೆ ಯಾರಿಗೂ ಬರೆಯಬೇಡ. ಹೇಳಿದ್ದು ನೆನಪಿರಲಿ. ಸಾಕ್ಷಿಗೆ ಹೋಗುವಾಗ ಇಸ್ತ್ರಿ ಮಾಡಿದ ಅಂಗಿ ಹಾಕಿಕೋ.

ಅಕ್ಕ

*

ಆಗಸ್ಟ್ ೩

ಅಕ್ಕನಿಗೆ,

ಗೆದ್ದೆವು. ವಿಚಾರಣಾಧಿಕಾರಿ ಕುಲುಮೆಯ ರಿಜಿಸ್ಟರು ಕಲ್ಪಿತ ಎಂದು ಬರೆದರು. ಮೇಸ್ತ್ರಿಯ ಮೇಲಿನ ಆರೋಪ ಹೋಯಿತು. ನಾನು ಒಂದೂಕಾಲು ಗಂಟೆ ಮಾತಾಡಿದೆ, ಇಸ್ತ್ರಿ ಅಂಗಿಯಲ್ಲೇ. ಕಂಪನಿಯ ವಕೀಲರು, “ಇಷ್ಟು ಅಂಕಿ ಸುಳ್ಳು ಅಂತ ಬರೀ ಕಣ್ಣಲ್ಲಿ ಹೇಗಪ್ಪಾ ಹೇಳ್ತೀಯಾ?” ಅಂದರು. ನಾನು, “ಸುಳ್ಳಿಗೆ ಸುಸ್ತೇ ಆಗಲ್ಲ ಸಾರ್, ಒಂದೇ ಸಮ ನಡೀತದೆ” ಅಂದೆ. ಮೇಸ್ತ್ರಿಯ ಹೆಂಡತಿ ಅಳಲಿಲ್ಲ. ಹೊರಗೆ ಬಂದು ನನ್ನ ತಲೆಯ ಮೇಲೆ ಕೈ ಇಟ್ಟಳು, ಅಷ್ಟೇ.

ಆದರೆ ನಿನ್ನ ವಿಷಯಕ್ಕೆ ನನ್ನ ರಕ್ತ ಕುದಿಯುತ್ತಿದೆ. ಯಾವ ಆಧಾರದ ಮೇಲೆ ನಿನ್ನನ್ನು ಬಿಟ್ಟರು? ವಶೀಲಿ ಇದ್ದವರಿಗೆ ಕೊಟ್ಟಿರಬೇಕು. ಕಾರಣ ಬರಹದಲ್ಲಿ ಕೇಳು. ನೀನು ಕೇಳದಿದ್ದರೆ ನಾನು ಕೇಳುತ್ತೇನೆ. ಆಸ್ಪತ್ರೆಗಳ ಮೇಲೆ ಒಂದು ಕರಪತ್ರ ಶುರು ಮಾಡಿದ್ದೇನೆ. ಜೂನ್, ಜುಲೈ ಅಂಕಿಗಳು ಇನ್ನೂ ಬಂದಿಲ್ಲ, ಕಳಿಸು.

ನಿನ್ನ ತಮ್ಮ

*

ಅಕ್ಟೋಬರ್ ೧೨

ಅಕ್ಕ,

ಮೂರು ತಿಂಗಳಾಗುತ್ತಾ ಬಂತು, ನಿನ್ನಿಂದ ಒಂದು ಸಾಲಿಲ್ಲ. ನನ್ನ ಮೂರು ಕಾರ್ಡುಗಳಿಗೂ ಉತ್ತರವಿಲ್ಲ.

ನಿನ್ನೆ ಆಸ್ಪತ್ರೆಯ ಕರಪತ್ರಕ್ಕೆ ಅಂಕಿಗಳನ್ನು ಜೋಡಿಸಲು ನಿನ್ನ ಕಾಗದಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದೆ. ಪಕ್ಕದಲ್ಲೇ ಕುಲುಮೆಯ ರಿಜಿಸ್ಟರಿನ ನಕಲು ಇತ್ತು. ಮೇಸ್ತ್ರಿಯ ಹೆಂಡತಿ ಚಹಾ ತಂದಿಡಲು ಬಂದವಳು, ಈಗ ಓದಲು ಕಲಿತಿದ್ದಾಳಲ್ಲ, ಬಗ್ಗಿ ನೋಡಿ ಕೇಳಿದಳು, “ಇದು ಯಾವ ಕುಲುಮೇದು?”

ಎರಡೂವರೆ, ಮೂರು, ಮೂರೂವರೆ, ನಾಲ್ಕು, ನಾಲ್ಕೂವರೆ, ಐದು.

ಅಕ್ಕ, ಜನವರಿಯಲ್ಲಿ ನೀನು ಬರೆದ ಮೊದಲ ವಾರ ಒರಟಾಗಿತ್ತು. ಮಾರ್ಚಿನಿಂದ ಒಂದು ಸಲವೂ ಎಗರಿಲ್ಲ, ಬಿದ್ದಿಲ್ಲ. ಹಾಲಿನ ವ್ಯಾನು ನಾಲ್ಕೂ ಹತ್ತಕ್ಕೆ ಬರುತ್ತದೆ ಎಂದು ನಿನಗೆ ಹೇಗೆ ಗೊತ್ತು? ಎದುರುಮನೆಯವರು ಎರಡು ಗಂಟೆಗೆ ದೀಪ ಹಾಕುವುದು ಹೇಗೆ ಗೊತ್ತು?

ಒಂದೇ ಒಂದು ಪ್ರಶ್ನೆ. ಮಾರ್ಚಿನಿಂದ ಬರೆದದ್ದರಲ್ಲಿ ಎಷ್ಟು ನಿಜ?

ತಮ್ಮ

*

ಅಕ್ಟೋಬರ್ ೨೪

ತಮ್ಮನಿಗೆ,

ಒಂದೂ ನಿಜವಲ್ಲ.

ನಿನ್ನ ನಿಯಮಗಳನ್ನು ಹನ್ನೊಂದು ದಿನ ಪಾಲಿಸಿದೆ. ನೆಟ್ಟಗೆ ಮಲಗಿದೆ, ಹಲ್ಲು ಕಚ್ಚಿಕೊಂಡು. ಹನ್ನೆರಡನೇ ದಿನ ರಜಾಯಿಯನ್ನು ಕಪಾಟಿನಿಂದ ತೆಗೆದು ಅದರ ಹತ್ತಿರ ಕ್ಷಮೆ ಕೇಳಿದೆ. ಆ ಕುರ್ಚಿಯ ಮೇಲೆ ಸಿಗುವ ಇಪ್ಪತ್ತು ಮೂವತ್ತು ನಿಮಿಷಗಳೇ ನನ್ನ ನಿದ್ದೆ ಕಣೋ. ಅದು ನಿನ್ನ ಹೊತ್ತಗೆಯಲ್ಲಿ ಇರಲಿಲ್ಲ.

ಡಾಕ್ಟರಮ್ಮನ ಪುಸ್ತಕದಲ್ಲಿ ನಾನು ಒಂದು ದಿನವೂ ಸುಳ್ಳು ಬರೆದಿಲ್ಲ. ಸುಳ್ಳು ಬರೆದದ್ದು ನಿನಗೆ ಮಾತ್ರ. ನಿಜ ಬರೆದಿದ್ದರೆ ನೀನು ಎಲ್ಲ ಬಿಟ್ಟು ಬರುತ್ತಿದ್ದೆ. ಬಾಗಿಲಲ್ಲಿ ನಿಂತ ಆ ಹೆಂಗಸಿಗೆ ಏನು ಹೇಳುತ್ತಿದ್ದೆ? ಅದಕ್ಕೆ ನನಗೆ ಬರುವ ಕೆಲಸವನ್ನೇ ಮಾಡಿದೆ. ಒಂದು ಕಡೆ ಆಗ ಇದ್ದ ಅಂಕಿ, ಇನ್ನೊಂದು ಕಡೆ ನೀನು ಬಯಸುವ ಅಂಕಿ. ಮಧ್ಯದ್ದನ್ನು ತುಂಬುತ್ತಾ ಹೋದೆ.

ಜುಲೈನಲ್ಲಿ ನಡೆದದ್ದು ಹೇಳುತ್ತೇನೆ, ಓದಿ ಹುಚ್ಚುಚ್ಚಾಗಿ ಏನೂ ಮಾಡಬೇಡ. ಉದ್ದ ಮೇಜಿನ ಆಚೆ ಮೂವರು ಕೂತಿದ್ದರು. ಮೇಜಿನ ಮೇಲೆ ನನ್ನ ಪುಸ್ತಕ, ಚಹಾದ ಕಲೆ ಬಿದ್ದದ್ದು. ಅದರ ಪಕ್ಕ ನಿನ್ನ ನಕ್ಷೆ. ನಿಜಕ್ಕೂ ಚೆಂದ ಬರೆದಿದ್ದೆ. ಹಿರಿಯ ಡಾಕ್ಟರು ಎರಡನ್ನೂ ನನ್ನ ಕಡೆ ತಿರುಗಿಸಿದರು. “ಇದ್ರಲ್ಲಿ ಮೇ ಮೂರನೇ ವಾರ ಆರೂವರೆ ಗಂಟೆ ನಿದ್ದೆ. ಇದ್ರಲ್ಲಿ ಒಂದೂವರೆ. ಯಾವುದು ನಿಜ ತಾಯಿ?”

ಹಿಂದಿನ ಮೂರು ರಾತ್ರಿ ನಾನು ಕಣ್ಣು ಮುಚ್ಚಿರಲಿಲ್ಲ. ತಲೆಯಲ್ಲಿ ಪಂಪಿನ ಸದ್ದು. ನಕ್ಷೆಯ ಕೆಳಗೆ ನಿನ್ನ ಸಹಿ ಕಾಣುತ್ತಿತ್ತು, ಸತ್ಯಕ್ಕೆ ನಾನು ಹೊಣೆ ಅಂತ. ಹತ್ತು ದಿನದಲ್ಲಿ ನೀನು ಸುಳ್ಳು ಅಂಕಿಗಳ ವಿರುದ್ಧ ಸಾಕ್ಷಿ ಹೇಳಬೇಕಿತ್ತು. ಅಂಥವನು ಇಲ್ಲಿ ಸುಳ್ಳು ಅಂಕಿಗೆ ಸಹಿ ಹಾಕಿದ್ದಾನೆ ಅಂತ ನಾನು ಹೇಗೆ ಹೇಳಲಿ? ಇಲ್ಲಿಂದ ಅಲ್ಲಿಗೆ ಸುದ್ದಿ ಹೋಗುವುದಿಲ್ಲ ಅಂತ ಈಗ ತಿಳಿಯುತ್ತದೆ. ಆಗ ತಿಳಿಯಲಿಲ್ಲ. ನಿದ್ದೆಗೆಟ್ಟ ತಲೆಗೆ ಎಲ್ಲ ಗೋಡೆಗೂ ಕಿವಿ ಇದ್ದ ಹಾಗೆ ಕಾಣುತ್ತದೆ. “ಎರಡೂ ನಾನೇ ಬರೆದದ್ದು ಸಾರ್” ಅಂದೆ.

ಡಾಕ್ಟರಮ್ಮ ನನ್ನನ್ನು ನೋಡಿದ ನೋಟ ಮರೆಯಲಾರೆ. ಹಿರಿಯರು ಬಯ್ಯಲಿಲ್ಲ. ಎರಡನ್ನೂ ಪಕ್ಕಕ್ಕೆ ಇಟ್ಟು, “ಇನ್ನಾರು ತಿಂಗಳು ನಮ್ಮ ನರ್ಸ್ ಎದುರಿಗೇ ಬರೆಸೋಣ, ಆಮೇಲೆ ನೋಡೋಣ” ಅಂದರು. ಅವರದು ತಪ್ಪಲ್ಲ. ಅವರ ಜಾಗದಲ್ಲಿ ನೀನಿದ್ದರೂ ಹಾಗೇ ಮಾಡುತ್ತಿದ್ದೆ.

ಹೋದ ವಾರ ಹೊಸ ಸ್ಕ್ಯಾನ್ ಆಯಿತು. ಊತದಿಂದ ಆ ಗ್ರಂಥಿಯ ಪಕ್ಕದ ದೊಡ್ಡ ರಕ್ತನಾಳದಲ್ಲಿ ಹೆಪ್ಪುಗಟ್ಟಿದೆ, ಸುತ್ತ ಸಣ್ಣ ನಾಳಗಳು ಬೇರಿನ ಹಾಗೆ ಹರಡಿವೆ. ಅಲ್ಲಿ ಕತ್ತರಿ ಇಟ್ಟರೆ ರಕ್ತ ನಿಲ್ಲಿಸಲಾಗದು ಎಂದು ಸರ್ಜನ್ ಬರೆದಿದ್ದಾರೆ. ಜನವರಿಗೂ ಇಲ್ಲ, ಅದರ ಮುಂದಕ್ಕೂ ಇಲ್ಲ. ಇನ್ನು ಮಾತ್ರೆಗಳು, ಮತ್ತು ಕುರ್ಚಿ. ಜುಲೈನಲ್ಲೇ ಮಾಡಿದ್ದರೆ ಸರಿಹೋಗುತ್ತಿತ್ತೇ ಅಂತ ಕೇಳಿದೆ. ಡಾಕ್ಟರಮ್ಮ ಕಿಟಕಿಯ ಕಡೆ ನೋಡಿದರು. ಆಮೇಲೆ, “ಆಗ ಮಾಡಬಹುದಿತ್ತು” ಅಂದರು.

ಪಂಪ್‌ಹೌಸ್ ಬಿಟ್ಟಿದ್ದೇನೆ. ಸೆಪ್ಟೆಂಬರಿನಲ್ಲಿ ಒಂದು ಮಧ್ಯಾಹ್ನ ಕೂತಲ್ಲೇ ಕಣ್ಣು ಅಂಟಿ ಮೇಲಿನ ಟ್ಯಾಂಕು ತುಂಬಿ ಹರಿಯಿತು. ಮೀಸೆ ಓಡಿ ಬಂದು ವಾಲ್ವು ತಿರುಗಿಸಿದರು. ರಿಜಿಸ್ಟರಿನಲ್ಲಿ ಆ ಗಂಟೆಗೂ ನಡುವಿನ ಅಂಕಿ ಬರೆಯಲು ಪೆನ್ನು ತೆಗೆದರು. ನಾನು ಕೈ ಹಿಡಿದೆ. “ಬಿಡಿ ಅಣ್ಣಾ, ಹರೀತು ಅಂತಲೇ ಬರೀರಿ” ಅಂದೆ. ಮಾರನೇ ದಿನ ನಾನೇ ಕಾಗದ ಕೊಟ್ಟು ಬಂದೆ.

ಯಾರ ಮನೆಗೂ ಹೋಗುವುದಿಲ್ಲ ಈಗ. ತಿನ್ನಲು ಕೊಟ್ಟರೆ ಬೇಡ ಅನ್ನಬೇಕು, ತಿಂದರೆ ಅವರ ಬಚ್ಚಲನ್ನು ಹುಡುಕಬೇಕು. ಕನ್ನಡಿಯಲ್ಲಿ ಅಮ್ಮನ ಕೊನೆಯ ವರ್ಷದ ಮುಖ ಕಾಣುತ್ತದೆ. ಇಷ್ಟು ಬರೆದೆನಲ್ಲ, ಎದೆ ಸ್ವಲ್ಪ ಹಗುರವಾಯಿತು. ಹತ್ತು ತಿಂಗಳಿಂದ ನಿನಗೆ ಇದನ್ನೇ ಬರೆಯಬೇಕು ಅನಿಸುತ್ತಿತ್ತು. ನೀನು ಅಳು ಬೇಡ ಅಂದಿದ್ದೆ.

ಅಕ್ಕ

*

ನವೆಂಬರ್ ೨

ಅಕ್ಕ,

ನಿನ್ನ ಕಾಗದ ಬಂದು ನಾಲ್ಕು ದಿನವಾಯಿತು. ನಾಲ್ಕು ಸಲ ಉತ್ತರ ಬರೆದು ಹರಿದೆ. ಪ್ರತಿಯೊಂದರಲ್ಲೂ ನಾನು ಯಾರ ಮೇಲೋ ಕೂಗಾಡಿದ್ದೆ. ಮೊದಲನೆಯದರಲ್ಲಿ ಡಾಕ್ಟರುಗಳ ಮೇಲೆ, ಎರಡನೆಯದರಲ್ಲಿ ನಿನ್ನ ಮೇಲೆ. ಉಳಿದೆರಡರಲ್ಲಿ ನನ್ನ ಮೇಲೆಯೇ, ಅದೂ ಭಾಷಣವೇ ಆಗಿತ್ತು.

ಆ ನಕ್ಷೆಯನ್ನು ನಾನು ಎರಡು ಭಾನುವಾರ ಬರೆದೆ. ಹನ್ನೆರಡು ವಾರಗಳ ಅಂಕಿಯನ್ನು ಒಂದೊಂದಾಗಿ ಗುರುತು ಹಾಕಿದೆ. ಸ್ಕೇಲು ಇಟ್ಟಂತೆ ನೆಟ್ಟಗೆ ಹೋಯಿತು, ಅದಕ್ಕೇ ಚೆಂದ ಅಂದುಕೊಂಡೆ.

ಕುಲುಮೆಯ ಕರಪತ್ರಗಳ ಕಟ್ಟು ಅಚ್ಚಾಗಿ ಬಂದಿತ್ತು. ಮೊದಲ ಸಾಲು: ನಯವಾಗಿ ಇರಲಿ ಅಂತ ಬಯಸುವವರಿಗೆ ಅನುಮಾನ ಬರುವುದಿಲ್ಲ. ಅದನ್ನು ಹಂಚಲು ನನ್ನಿಂದ ಆಗಲಿಲ್ಲ. ಮೇಸ್ತ್ರಿಯ ಹೆಂಡತಿಗೆ ಎಲ್ಲ ಹೇಳಿದೆ. ಆಕೆ ಕಟ್ಟನ್ನು ತಾನು ತೆಗೆದುಕೊಂಡಳು. “ನಾನು ಹಂಚ್ತೀನಿ, ನೀನು ಊರಿಗೆ ಹೋಗು” ಅಂದಳು. ರಾತ್ರಿಶಾಲೆಯನ್ನೂ ಆಕೆಯೇ ನೋಡಿಕೊಳ್ಳುತ್ತಾಳಂತೆ. ನಾನಿಲ್ಲದೆ ಇದೆಲ್ಲ ನಡೆಯುವುದಿಲ್ಲ ಎಂದು ನಿನಗೆ ಬರೆದಿದ್ದೆನಲ್ಲ, ಅದೂ ಸರಿಯಿರಲಿಲ್ಲ.

ಹದಿನಾಲ್ಕನೇ ತಾರೀಖು ಹೊರಡುತ್ತೇನೆ. ಹದಿನೈದರ ಬೆಳಿಗ್ಗೆ ಅಲ್ಲಿರುತ್ತೇನೆ. ಹೊತ್ತಗೆ ತರುವುದಿಲ್ಲ. ಅಗಲ ಬೆನ್ನಿನ ಒಂದು ಕುರ್ಚಿ ಬಡಗಿಯ ಹತ್ತಿರ ಹೇಳಿ ಮಾಡಿಸಿದ್ದೇನೆ, ಬಸ್ಸಿನ ಮೇಲೆ ಹಾಕಿಕೊಂಡು ಬರುತ್ತೇನೆ. ರಜಾಯಿ ಅದಕ್ಕೆ ಸರಿಯಾಗಿ ಕೂರಬಹುದು. ಕೂರದಿದ್ದರೆ ಹೇಳು.

ಏನು ಬೇಕಾದರೂ ಬರೆ. ಅಂಕಿ ಬೇಡ.

ನಿನ್ನ ತಮ್ಮ

*

ನವೆಂಬರ್ ೯

ಭಾಷಣಕಾರನಿಗೆ,

ನೀನು ಬೇಡ ಅಂದರೂ ಬರೆಯುತ್ತೇನೆ, ಇಷ್ಟು ವರ್ಷದ ಅಭ್ಯಾಸ. ಈ ವಾರದ ನಿದ್ದೆ: ಭಾನುವಾರ ಒಂದು ಗಂಟೆ, ಸೋಮವಾರ ಮುಕ್ಕಾಲು, ಮಂಗಳವಾರ ಮೂರು (ಯಾಕೆ ಅಂತ ಗೊತ್ತಿಲ್ಲ), ಬುಧವಾರ ಎರಡು. ಗುರುವಾರ ನೋವು ಜೋರಾಗಿ ಗಡಿಯಾರ ನೋಡಲೇ ಇಲ್ಲ. ಶುಕ್ರವಾರ ಒಂದು. ಮೊದಲಾಗಿದ್ದರೆ ಎರಡು ಮತ್ತು ಒಂದರ ಮಧ್ಯೆ ಒಂದೂವರೆ ಅಂತ ತುಂಬಿಬಿಡುತ್ತಿದ್ದೆ. ಗುರುವಾರ ಖಾಲಿ ಬಿಟ್ಟಿದ್ದೇನೆ.

ಕುರ್ಚಿ ಹೊತ್ತು ಬರುವವನನ್ನು ಕಂಡಕ್ಟರು ಏನು ಅನ್ನುತ್ತಾನೋ. ಅವನಿಗೂ ಭಾಷಣ ಮಾಡಬೇಡ.

ಬಂದಾಗ ಬಾಗಿಲು ಬಡಿಯಬೇಡ. ಇನ್ನೊಂದು ಕೀಲಿ ಮೀಸೆಯ ಹತ್ತಿರ ಇದೆ, ಅವರ ಬೆಳಗಿನ ಪಾಳಿ, ಪಂಪ್‌ಹೌಸಿನಲ್ಲೇ ಸಿಗುತ್ತಾರೆ. ಇಸಿದುಕೊಂಡು, ಚಪ್ಪಲಿ ಹೊರಗೇ ಬಿಟ್ಟು, ಸದ್ದಿಲ್ಲದೆ ಒಳಗೆ ಬಾ. ಆ ಹೊತ್ತಿಗೆ ನನಗೆ ನಿದ್ದೆ ಬಂದಿದ್ದರೂ ಬಂದಿರಬಹುದು.

ಅಕ್ಕ